ಕ್ರೋಕ್ ಪಾರ್ಕ್ ಒಪ್ಪಂದ: ಸಂಬಳ ಉಳಿಯಿತು, ಹೊರೆ ಹೊಸಬರ ಹೆಗಲೇರಿತು

ಸರಕಾರಿ ನೌಕರರ ಸಂಬಳಕ್ಕೆ ಕೈ ಹಾಕುವುದೆಂದರೆ ಜೇನುಗೂಡಿಗೆ ಕಲ್ಲೆಸೆದಂತೆ. ಇದು ಎಲ್ಲ ದೇಶಗಳ ಹಣಕಾಸು ಸಚಿವರಿಗೂ ತಿಳಿದ ಸಂಗತಿ. ಬೊಕ್ಕಸ ತುಂಬಿದಾಗ ಏರಿಸಿದ ಸಂಬಳವನ್ನು ಬೊಕ್ಕಸ ಬರಿದಾದಾಗ ಇಳಿಸುವ ಧೈರ್ಯ ಯಾವ ಸರಕಾರಕ್ಕೂ ಸುಲಭವಾಗಿ ಬರುವುದಿಲ್ಲ. ಐರ್ಲೆಂಡ್ ಎಂಬ ಪುಟ್ಟ ದೇಶ 2009ರಲ್ಲಿ ಅಂಥ ನಿರ್ಧಾರವನ್ನು ಒಂದೇ ವರ್ಷದಲ್ಲಿ ಎರಡು ಬಾರಿ ಕೈಗೊಂಡಿತು. ಮರುವರ್ಷ ಅದೇ ನೌಕರರ ಸಂಘಟನೆಗಳೊಂದಿಗೆ ಮೇಜಿನ ಎದುರು ಕುಳಿತು, 'ಇನ್ನು ಕಡಿತವಿಲ್ಲ, ನೀವು ಮುಷ್ಕರ ಹೂಡಬೇಡಿ' ಎಂದು ಲಿಖಿತ ಮಾತು ಕೊಟ್ಟಿತು. ಕ್ರೋಕ್ ಪಾರ್ಕ್ ಒಪ್ಪಂದ ಎಂದು ಹೆಸರಾದದ್ದು ಅದೇ.

ದೂರದ ದೇಶದ ಹಳೆಯ ಒಪ್ಪಂದವೊಂದನ್ನು ಈಗ ಕೆದಕುವುದೇಕೆ ಎಂಬ ಪ್ರಶ್ನೆ ಸಹಜ. 2020ರಲ್ಲಿ ಕೊರೊನಾ ಕಾಲದ ತುಟ್ಟಿಭತ್ಯೆ ತಡೆ, 2021ರ ಸಾರಿಗೆ ಮುಷ್ಕರ, 2023ರ ಮಾರ್ಚ್ 1ರ ರಾಜ್ಯ ಸರಕಾರಿ ನೌಕರರ ಮುಷ್ಕರ, ಹೊಸ ಪಿಂಚಣಿ ಯೋಜನೆಯ ವಿರುದ್ಧದ ನಿರಂತರ ಹೋರಾಟ- ಇವೆಲ್ಲವನ್ನೂ ಕಂಡಿರುವ ಕರ್ನಾಟಕದ ಓದುಗರಿಗೆ ಐರ್ಲೆಂಡಿನ ಕಥೆ ಅಪರಿಚಿತವೆನಿಸಲಾರದು. ಸಂಕಷ್ಟದ ಹೊರೆಯನ್ನು ಯಾರ ಹೆಗಲಿಗೆ ಏರಿಸಲಾಯಿತು ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ಮತ್ತು ಇಲ್ಲಿ ಸಿಗುವ ಉತ್ತರ ಬಹಳ ಬೇರೆಯಲ್ಲ.

ಉಬ್ಬರ ಇಳಿದಾಗ

ಐರ್ಲೆಂಡಿನಲ್ಲಿ 1987ರಿಂದಲೂ ಸರಕಾರ, ಮಾಲೀಕರು, ಕಾರ್ಮಿಕ ಸಂಘಟನೆಗಳು ಒಟ್ಟಿಗೆ ಕುಳಿತು ಕೆಲವು ವರ್ಷಗಳಿಗೊಮ್ಮೆ ರಾಷ್ಟ್ರೀಯ ವೇತನ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಇತ್ತು. 'ಸಾಮಾಜಿಕ ಸಹಭಾಗಿತ್ವ' ಎಂಬ ಸುಂದರ ಹೆಸರು ಅದಕ್ಕೆ. ತೊಂಬತ್ತರ ದಶಕದಲ್ಲಿ ದೇಶ 'ಕೆಲ್ಟಿಕ್ ಹುಲಿ' ಎನಿಸಿಕೊಂಡು ನೆಗೆಯುತ್ತಿದ್ದಾಗ ಈ ಪದ್ಧತಿಯನ್ನು ಹೊಗಳದ ಅರ್ಥಶಾಸ್ತ್ರಜ್ಞರೇ ವಿರಳ. ಖಾಸಗಿ ವಲಯದ ಸಂಬಳಕ್ಕೆ ಸರಿದೂಗಿಸುವ ಉದ್ದೇಶದಿಂದ ನೇಮಕವಾದ ಮಂಡಳಿಯೊಂದು 2002ರಲ್ಲಿ ಸರಕಾರಿ ನೌಕರರಿಗೆ ಸರಾಸರಿ ಶೇ. 8.9ರಷ್ಟು ಹೆಚ್ಚಳವನ್ನು ಶಿಫಾರಸು ಮಾಡಿತು. ಹಣ ಎಲ್ಲಿಂದ ಬಂದೀತು ಎಂದು ಆಗ ಹೆಚ್ಚು ಮಂದಿ ಕೇಳಲಿಲ್ಲ. ಮನೆ ಕಟ್ಟುವವರೂ ಕೊಳ್ಳುವವರೂ ತೆತ್ತ ತೆರಿಗೆಯಿಂದ ಖಜಾನೆ ತುಂಬಿ ತುಳುಕುತ್ತಿತ್ತು.

2008ರಲ್ಲಿ ಆ ಗುಳ್ಳೆ ಒಡೆಯಿತು. ಸೆಪ್ಟೆಂಬರ್ ತಿಂಗಳ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಸರಕಾರ ತನ್ನ ದೇಶದ ಬ್ಯಾಂಕುಗಳ ಸುಮಾರು 44 ಸಾವಿರ ಕೋಟಿ ಯೂರೋ ಹೊಣೆಗಾರಿಕೆಗೆ ಖಾತರಿ ನೀಡಿತು. 2007ರಲ್ಲಿ ಸುಮಾರು 4,700 ಕೋಟಿ ಯೂರೋ ಇದ್ದ ತೆರಿಗೆ ವರಮಾನ 2009ರಲ್ಲಿ ಸುಮಾರು 3,300 ಕೋಟಿಗೆ ಕುಸಿಯಿತು. ಎರಡೇ ವರ್ಷಗಳಲ್ಲಿ ಹತ್ತರಲ್ಲಿ ಮೂರು ಪಾಲು ವರಮಾನ ಮಾಯ! ಖಾಸಗಿ ವಲಯದಲ್ಲಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ನಿರುದ್ಯೋಗದ ಪ್ರಮಾಣ ಮುಂದೆ ಶೇ. 15ರ ಆಸುಪಾಸಿಗೆ ಏರಿತು.

ಯೂರೋ ವಲಯದಲ್ಲಿದ್ದ ಐರ್ಲೆಂಡಿಗೆ ತನ್ನ ಕರೆನ್ಸಿಯ ಮೌಲ್ಯವನ್ನು ಇಳಿಸಿ ಪಾರಾಗುವ ದಾರಿ ಇರಲಿಲ್ಲ. ಸರಕಾರ ಸಂಬಳದತ್ತ ತಿರುಗಿತು. 2009ರ ಮಾರ್ಚ್‌ನಲ್ಲಿ 'ಹಣಕಾಸು ತುರ್ತು' ಕಾಯ್ದೆಯಡಿ ನೌಕರರ ಸಂಬಳದಿಂದ ಪಿಂಚಣಿ ಸುಂಕ ಎಂಬ ಹೊಸ ಕಡಿತ ಆರಂಭವಾಯಿತು. ಡಿಸೆಂಬರ್ 9ರಂದು ಹಣಕಾಸು ಸಚಿವ ಬ್ರಿಯಾನ್ ಲೆನಿಹಾನ್ ಮಂಡಿಸಿದ ಬಜೆಟ್ ಮೂಲ ಸಂಬಳಕ್ಕೇ ಕತ್ತರಿ ಹಾಕಿತು. ಮೊದಲ 30 ಸಾವಿರ ಯೂರೋಗೆ ಶೇ. 5, ನಂತರದ 40 ಸಾವಿರಕ್ಕೆ ಶೇ. 7.5, ಅದರ ಮೇಲಿನ 55 ಸಾವಿರಕ್ಕೆ ಶೇ. 10. ವರ್ಷಕ್ಕೆ 50 ಸಾವಿರ ಯೂರೋ ಪಡೆಯುತ್ತಿದ್ದವರಿಗೆ ಇದರಿಂದಲೇ 3 ಸಾವಿರ ಖೋತಾ. ಮೇಲಿನ ಹುದ್ದೆಗಳಿಗೆ ಕಡಿತ ಇನ್ನೂ ಹೆಚ್ಚು. ಪ್ರಧಾನಿಯ ಸಂಬಳವೇ ಶೇ. 20ರಷ್ಟು ಇಳಿಯಿತು.

ಇದಕ್ಕೆ ಮೊದಲು ಸಂಘಟನೆಗಳು ಸುಮ್ಮನೆ ಕುಳಿತಿರಲಿಲ್ಲ. ಫೆಬ್ರವರಿಯಲ್ಲಿ ಡಬ್ಲಿನ್ ಬೀದಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಮೆರವಣಿಗೆ ನಡೆಸಿದ್ದರು. ನವೆಂಬರ್ 24ರಂದು ಸುಮಾರು ಎರಡೂವರೆ ಲಕ್ಷ ನೌಕರರು ಒಂದು ದಿನದ ಮುಷ್ಕರ ಹೂಡಿದ್ದರು. ಸಂಬಳ ಕಡಿತದ ಬದಲು ವರ್ಷಕ್ಕೆ 12 ದಿನ ಸಂಬಳರಹಿತ ರಜೆ ತೆಗೆದುಕೊಳ್ಳುತ್ತೇವೆ ಎಂಬ ಪ್ರಸ್ತಾವವನ್ನೂ ಮುಂದಿಟ್ಟಿದ್ದರು. 'ನಮಗೆ ಕೆಲಸವೇ ಹೋಗಿದೆ, ಇವರಿಗೆ ರಜೆ ಬೇಕಂತೆ' ಎಂಬ ಭಾವನೆ ಸಾರ್ವಜನಿಕರಲ್ಲಿ ಹರಡಿತು. ಆಡಳಿತ ಪಕ್ಷದ ಸಂಸದರೇ ತಿರುಗಿ ಬಿದ್ದರು. ಬಜೆಟ್‌ಗೆ ಕೆಲವೇ ದಿನಗಳಿರುವಾಗ ಮಾತುಕತೆ ಮುರಿದುಬಿತ್ತು. ಎರಡು ದಶಕಗಳ ಸಹಭಾಗಿತ್ವ ಅಲ್ಲಿಗೆ ಸಮಾಪ್ತಿ.

2010ರ ಆರಂಭದಲ್ಲಿ ನೌಕರರು ನಿಯಮಕ್ಕಿಂತ ಒಂದಿಂಚೂ ಹೆಚ್ಚು ಕೆಲಸ ಮಾಡದ ಅಸಹಕಾರಕ್ಕೆ ಇಳಿದರು. ದೂರವಾಣಿ ಎತ್ತುವುದಿಲ್ಲ, ಕೌಂಟರ್ ಪೂರ್ಣ ಹೊತ್ತು ತೆರೆಯುವುದಿಲ್ಲ. ಮಾರ್ಚ್ ಹೊತ್ತಿಗೆ ಡಬ್ಲಿನ್‌ನ ಪಾಸ್‌ಪೋರ್ಟ್ ಕಚೇರಿಯ ಮುಂದೆ ಸಾಲು ಬೀದಿಯುದ್ದಕ್ಕೂ ಬೆಳೆದಿತ್ತು. ಕೆಲಸ ಅರಸಿ ದೇಶ ಬಿಡಲು ಹೊರಟಿದ್ದ ತರುಣರಿಗೂ ಬೇಕಿದ್ದುದು ಆ ಪಾಸ್‌ಪೋರ್ಟೇ ಎಂಬುದನ್ನು ನೆನೆದರೆ ಆ ಸಾಲಿನ ಸಿಟ್ಟು ಅರ್ಥವಾದೀತು.

ಕ್ರೀಡಾಂಗಣದ ಸಂಧಾನ

ಇದೇ ಮಾರ್ಚ್‌ನಲ್ಲಿ ಎರಡೂ ಪಕ್ಷಗಳು ಮತ್ತೆ ಕುಳಿತವು. ಜಾಗ ಡಬ್ಲಿನ್‌ನ ಕ್ರೋಕ್ ಪಾರ್ಕ್. ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಎಂಬ ದೇಸೀ ಆಟಗಳ ಬೃಹತ್ ಕ್ರೀಡಾಂಗಣ. ಕಾರ್ಮಿಕ ಸಂಬಂಧಗಳ ಆಯೋಗದ ಮುಖ್ಯಸ್ಥ ಕೀರನ್ ಮಲ್ವಿ ಮಧ್ಯಸ್ಥಿಕೆ ವಹಿಸಿದರು. ತಿಂಗಳ ಕೊನೆಯಲ್ಲಿ ಸಿದ್ಧವಾದ ಕರಡನ್ನು ಒಂದೊಂದು ಸಂಘಟನೆಯೂ ತನ್ನ ಸದಸ್ಯರ ಮತಕ್ಕೆ ಹಾಕಿತು. ಕೆಲವು ಸಂಘಗಳು, ವಿಶೇಷವಾಗಿ ಪ್ರೌಢಶಾಲಾ ಶಿಕ್ಷಕರ ಸಂಘಗಳು, ಮೊದಲಿಗೆ ತಿರಸ್ಕರಿಸಿದವು. ದೊಡ್ಡ ಸಂಘಗಳ ಬಲದಿಂದ ಜೂನ್ ಮಧ್ಯದಲ್ಲಿ ಒಪ್ಪಂದಕ್ಕೆ ಅಂಗೀಕಾರ ದೊರೆಯಿತು.

ಒಪ್ಪಂದದ ತಿರುಳು ಸರಳ. 2014ರವರೆಗೆ ಸರಕಾರ ಸಂಬಳವನ್ನು ಮತ್ತೆ ಕಡಿತಗೊಳಿಸುವುದಿಲ್ಲ. ಯಾರನ್ನೂ ಬಲವಂತವಾಗಿ ಮನೆಗೆ ಕಳುಹಿಸುವುದಿಲ್ಲ. ಪ್ರತಿಯಾಗಿ ನೌಕರರು ಮುಷ್ಕರ ಹೂಡುವುದಿಲ್ಲ, ಕಡಿಮೆ ಸಿಬ್ಬಂದಿಯಲ್ಲೇ ಕೆಲಸ ತೂಗಿಸುತ್ತಾರೆ, 45 ಕಿಲೋಮೀಟರ್ ವ್ಯಾಪ್ತಿಯೊಳಗೆ ಎಲ್ಲಿಗೆ ನಿಯೋಜಿಸಿದರೂ ಹೋಗುತ್ತಾರೆ, ಪಾಳಿಯ ಅವಧಿ ಬದಲಾದರೆ ತಕರಾರು ತೆಗೆಯುವುದಿಲ್ಲ. ಶಿಕ್ಷಕರು ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ಗಂಟೆ ತರಗತಿಯ ಹೊರಗೆ ಹೆಚ್ಚುವರಿಯಾಗಿ ದುಡಿಯಬೇಕು. ಈ ಗಂಟೆಗಳಿಗೆ ಶಾಲೆಗಳಲ್ಲಿ 'ಕ್ರೋಕ್ ಪಾರ್ಕ್ ಗಂಟೆಗಳು' ಎಂಬ ಹೆಸರೇ ನಿಂತಿತು. ಹೆಸರಿನಲ್ಲಿ ಗೌರವವೇನೂ ಇರಲಿಲ್ಲ!

'ಈಗ ಊಹಿಸಲಾಗದ ರೀತಿಯಲ್ಲಿ ಹಣಕಾಸು ಸ್ಥಿತಿ ಹದಗೆಟ್ಟರೆ' ಒಪ್ಪಂದ ಕಟ್ಟುನಿಟ್ಟಲ್ಲ ಎಂಬ ಅರ್ಥದ ಷರತ್ತೊಂದು ಅದರಲ್ಲಿತ್ತು. ಐದು ತಿಂಗಳಲ್ಲೇ ಆ ಷರತ್ತಿನ ಪರೀಕ್ಷೆ ಎದುರಾಯಿತು. 2010ರ ನವೆಂಬರ್‌ನಲ್ಲಿ ಐರ್ಲೆಂಡ್ ಐರೋಪ್ಯ ಒಕ್ಕೂಟ ಮತ್ತು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಬೇಕಾಯಿತು. 8,500 ಕೋಟಿ ಯೂರೋಗಳ ನೆರವಿನ ಯೋಜನೆ ರೂಪುಗೊಂಡಿತು. ಅದರಲ್ಲಿ 1,750 ಕೋಟಿ ದೇಶದ ಸ್ವಂತ ನಿಧಿಯದೇ. ಇದಕ್ಕಿಂತ ದೊಡ್ಡ ಹದಗೆಡುವಿಕೆ ಇನ್ನೇನು? ಆದರೂ ಲೆನಿಹಾನ್ ಷರತ್ತನ್ನು ಪ್ರಯೋಗಿಸಲಿಲ್ಲ. 2011ರ ಫೆಬ್ರವರಿ ಚುನಾವಣೆಯಲ್ಲಿ ಅವರ ಫಿಯಾನಾ ಫಾಲ್ ಪಕ್ಷ 166 ಸ್ಥಾನಗಳ ಸದನದಲ್ಲಿ 20ಕ್ಕೆ ಕುಸಿಯಿತು. ಅಧಿಕಾರಕ್ಕೆ ಬಂದ ಫಿನಾ ಗೇಲ್-ಲೇಬರ್ ಮೈತ್ರಿ ಕೂಟವೂ ಒಪ್ಪಂದವನ್ನು ಮುಟ್ಟಲಿಲ್ಲ.

ಶಾಂತಿಗೆ ತಕ್ಕ ಬೆಲೆ ಇತ್ತು ಎಂಬುದು ಇದಕ್ಕೆ ಕಾರಣ. ಅದೇ 2010ರ ಮೇ 5ರಂದು ಅಥೆನ್ಸ್‌ನಲ್ಲಿ ಕಡಿತ ವಿರೋಧಿ ಪ್ರತಿಭಟನೆಯ ವೇಳೆ ಬ್ಯಾಂಕೊಂದಕ್ಕೆ ಬೆಂಕಿ ಬಿದ್ದು ಮೂವರು ನೌಕರರು ಸತ್ತಿದ್ದರು. ಗ್ರೀಸ್‌ನಲ್ಲಿ ಸಾಲುಸಾಲಾಗಿ ಸಾರ್ವತ್ರಿಕ ಮುಷ್ಕರಗಳು ನಡೆದವು. ಐರ್ಲೆಂಡಿನಲ್ಲಿ ಆಸ್ಪತ್ರೆ, ಶಾಲೆ, ಕಚೇರಿಗಳು ನಡೆಯುತ್ತಲೇ ಹೋದವು. ಒಪ್ಪಂದವನ್ನು ಎಷ್ಟೇ ಟೀಕಿಸಿದರೂ ಈ ಒಂದು ಅಂಶವನ್ನು ಅಲ್ಲಗಳೆಯಲಾಗದು.

ಸುಧಾರಣೆಯೋ, ಸಂಕೋಚವೋ?

ಕಾಗದದ ಮೇಲೆ ಸುಧಾರಣೆ ಎಂದಿದ್ದುದರಲ್ಲಿ ಹೆಚ್ಚಿನದು ಸಿಬ್ಬಂದಿ ಸಂಖ್ಯೆಯ ಇಳಿಕೆಯೇ. 2008ರ ಕೊನೆಗೆ ಸುಮಾರು 3.2 ಲಕ್ಷವಿದ್ದ ನೌಕರರ ಸಂಖ್ಯೆ 2013ರ ಹೊತ್ತಿಗೆ 2.9 ಲಕ್ಷದ ಆಸುಪಾಸಿಗೆ ಬಂದಿತು. ಯಾರನ್ನೂ ತೆಗೆಯಲಿಲ್ಲ ನಿಜ. ಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲೂ ಇಲ್ಲ. 2012ರ ಫೆಬ್ರವರಿ ಅಂತ್ಯದೊಳಗೆ ನಿವೃತ್ತರಾದರೆ ಕಡಿತಕ್ಕೆ ಮುಂಚಿನ ಸಂಬಳದ ಆಧಾರದಲ್ಲಿ ಪಿಂಚಣಿ ಸಿಗುವ ಅವಕಾಶವಿದ್ದುದರಿಂದ ಸಾವಿರಾರು ಅನುಭವಿಗಳು ಒಟ್ಟಿಗೇ ಎದ್ದು ಹೊರಟರು. ಯಾವ ಹುದ್ದೆ ಅಗತ್ಯ, ಯಾವುದು ಅನಗತ್ಯ ಎಂದು ತೂಗಿ ನೋಡಿ ಮಾಡಿದ ಆಯ್ಕೆ ಇದಲ್ಲ. ಯಾರಿಗೆ ವಯಸ್ಸಾಗಿತ್ತೋ ಅವರು ಹೋದರು, ಅಷ್ಟೆ.

ಒಪ್ಪಂದದ ಜಾರಿ ಮಂಡಳಿ ಮೊದಲ ವರ್ಷದಲ್ಲೇ ಸಂಬಳದ ಬಾಬ್ತಿನಲ್ಲಿ 28.9 ಕೋಟಿ ಯೂರೋ ಉಳಿತಾಯವಾಯಿತೆಂದು ವರದಿ ಮಾಡಿತು. ವಾರ್ಷಿಕ ಬಡ್ತಿ ಮಾತ್ರ ಮುಂದುವರಿಯಿತು. ಖಾಸಗಿ ವಲಯದ ಪತ್ರಿಕಾ ಅಂಕಣಕಾರರಿಗೆ ಇದೊಂದೇ ಸಾಕಾಗಿತ್ತು. ಹಾಸ್ಯಾಸ್ಪದ ಸಂಗತಿಗಳೂ ಹೊರಬಿದ್ದವು. ಸಂಬಳದ ಚೆಕ್ಕನ್ನು ನಗದಾಗಿಸಲೆಂದು ಒಂದು ಕಾಲದಲ್ಲಿ ನೀಡಲಾಗಿದ್ದ ವಾರದ ಅರ್ಧ ಗಂಟೆಯ 'ಬ್ಯಾಂಕ್ ಸಮಯ', ಸಂಬಳ ನೇರವಾಗಿ ಖಾತೆಗೆ ಜಮೆಯಾಗತೊಡಗಿದ ಎಷ್ಟೋ ವರ್ಷಗಳ ನಂತರವೂ ಉಳಿದುಕೊಂಡಿತ್ತು! ಅದು ಕೊನೆಗೊಂಡದ್ದು ಈ ಒಪ್ಪಂದದ ಕಾಲದಲ್ಲಿ. 2012ರಲ್ಲಿ ಸಾರ್ವಜನಿಕ ವೆಚ್ಚ ಸಚಿವ ಬ್ರೆಂಡನ್ ಹೌಲಿನ್ ಸಾವಿರಕ್ಕೂ ಹೆಚ್ಚು ಭತ್ಯೆಗಳ ಪರಿಶೀಲನೆಗೆ ಹೊರಟು, ಹಾಲಿ ನೌಕರರ ಮಟ್ಟಿಗೆ ಒಂದೇ ಒಂದನ್ನು ರದ್ದುಪಡಿಸಿ ಮರಳಿದರು. ಹೊಸದಾಗಿ ಸೇರುವವರಿಗೆ ಮಾತ್ರ ಹತ್ತಾರು ಭತ್ಯೆಗಳು ಇಲ್ಲವಾದವು.

ಈ ಕಥೆಯ ನಿಜವಾದ ಗಂಟು ಇಲ್ಲಿಯೇ ಇದೆ.

ಮೇಜಿನ ಬಳಿ ಇಲ್ಲದವರು

ಒಪ್ಪಂದ ರಕ್ಷಣೆ ಕೊಟ್ಟದ್ದು ಸೇವೆಯಲ್ಲಿದ್ದವರಿಗೆ. ಇನ್ನೂ ಸೇವೆಗೆ ಸೇರಿರದವರ ಹೆಸರಿನಲ್ಲಿ ಸಹಿ ಹಾಕಲು ಅಲ್ಲಿ ಯಾರೂ ಇರಲಿಲ್ಲ. 2010ರ ಡಿಸೆಂಬರ್ ಬಜೆಟ್‌ನಲ್ಲಿ ಸರಕಾರ, 2011ರ ಜನವರಿ 1ರ ನಂತರ ನೇಮಕಗೊಳ್ಳುವವರ ವೇತನ ಶ್ರೇಣಿಯನ್ನು ಶೇ. 10ರಷ್ಟು ತಗ್ಗಿಸಿತು. ಶಿಕ್ಷಕರಿಗೆ ಇದರ ಜತೆಗೆ, ಶ್ರೇಣಿಯ ಮೊದಲ ಮೆಟ್ಟಿಲಿನಿಂದಲೇ ಆರಂಭಿಸಬೇಕೆಂಬ ನಿಯಮವೂ ಬಂತು. 2012ರ ಫೆಬ್ರವರಿಯ ನಂತರ ಸೇರಿದವರಿಗೆ ಪದವಿ ಭತ್ಯೆಯೂ ಇಲ್ಲವಾಯಿತು. ಒಂದೇ ಶಾಲೆಯಲ್ಲಿ, ಒಂದೇ ಪಾಠಕ್ಕೆ, ಸೇರಿದ ದಿನಾಂಕದ ಮೇಲೆ ಮೂರು ಬಗೆಯ ಸಂಬಳ! 2013ರ ಜನವರಿ 1ರಿಂದ ಪಿಂಚಣಿಯೂ ಬೇರೆಯಾಯಿತು. ಹಳಬರಿಗೆ ಕೊನೆಯ ಸಂಬಳದ ಮೇಲೆ ಲೆಕ್ಕ, ಹೊಸಬರಿಗೆ ಇಡೀ ಸೇವಾವಧಿಯ ಸರಾಸರಿಯ ಮೇಲೆ ಲೆಕ್ಕ.

ಸಂಘಟನೆಗಳು ಪ್ರತಿಭಟಿಸಿದವು, ಆದರೆ ಒಪ್ಪಂದವನ್ನು ಮುರಿಯಲಿಲ್ಲ. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಸದಸ್ಯರ ಚಂದಾದಿಂದ ನಡೆಯುವ ಸಂಘ ಮೊದಲು ಸದಸ್ಯರನ್ನೇ ಕಾಯುತ್ತದೆ. ಆದರೆ ಸರಕಾರಕ್ಕೆ ಇದು ಚೆನ್ನಾಗಿ ತಿಳಿದಿತ್ತು, ಅದನ್ನೇ ಬಳಸಿಕೊಂಡಿತು ಎಂಬುದನ್ನು ಮರೆಯಬಾರದು. ಅದೇ ಅವಧಿಯಲ್ಲಿ ಖಾಸಗಿ ವಲಯದ ಕನಿಷ್ಠ ಕೂಲಿಯನ್ನು ಗಂಟೆಗೆ 8.65 ಯೂರೋದಿಂದ 7.65ಕ್ಕೆ ಇಳಿಸಲಾಗಿತ್ತು. ಅದನ್ನು ಹೊಸ ಸರಕಾರ 2011ರ ಜುಲೈನಲ್ಲಿ ಮರಳಿಸಿತು. ಹೊಸ ನೌಕರರಿಗೆ ಅಷ್ಟು ಬೇಗ ಆ ಭಾಗ್ಯ ಬರಲಿಲ್ಲ.

2013ರ ಆರಂಭದಲ್ಲಿ ಹೊಸದಾಗಿ ಪದವಿ ಪಡೆದ ಒಂದು ಸಾವಿರ ದಾದಿಯರಿಗೆ ಎರಡು ವರ್ಷದ ಕೆಲಸ ಕೊಡುವ ಯೋಜನೆ ಪ್ರಕಟವಾಯಿತು. ಸಂಬಳ ಸಾಮಾನ್ಯ ದಾದಿಯರ ಶೇ. 80ರಷ್ಟು ಮಾತ್ರ. ದಾದಿಯರ ಸಂಘ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಬಹಳಷ್ಟು ತರುಣಿಯರು ಬ್ರಿಟನ್‌ಗೂ ಆಸ್ಟ್ರೇಲಿಯಾಕ್ಕೂ ವಿಮಾನ ಹತ್ತಿದರು. ಅವರು ತೆರವು ಮಾಡಿದ ಜಾಗಗಳನ್ನು ತುಂಬಲು ಐರ್ಲೆಂಡ್ ಮುಂದೆ ಭಾರತದತ್ತ ನೋಡಬೇಕಾಯಿತು. ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ಕೇರಳದ ದಾದಿಯರದ್ದೇ ದೊಡ್ಡ ಪಡೆ. ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಓದಿದವರೂ ಅದರಲ್ಲಿ ಇದ್ದಾರೆ.

2013ರಲ್ಲಿ ಸರಕಾರ ಅವಧಿಗೆ ಮೊದಲೇ ಹೊಸ ಕಡಿತದ ಪ್ರಸ್ತಾವ ತಂದಿತು. 'ಎರಡನೇ ಕ್ರೋಕ್ ಪಾರ್ಕ್' ಎನಿಸಿದ ಅದನ್ನು ಏಪ್ರಿಲ್‌ನಲ್ಲಿ ಸಂಘಟನೆಗಳು ತಿರಸ್ಕರಿಸಿದವು. ಸರಕಾರ ಒಂದು ಕೈಯಲ್ಲಿ ತಿದ್ದಿದ ಕರಡು, ಇನ್ನೊಂದು ಕೈಯಲ್ಲಿ 'ಸಹಿ ಹಾಕದವರಿಗೆ ಇನ್ನೂ ಕಠಿಣ ಷರತ್ತು' ಎಂಬ ಕಾನೂನು ಹಿಡಿದು ಬಂತು. ಜುಲೈ 1ರಿಂದ ಹ್ಯಾಡಿಂಗ್ಟನ್ ರೋಡ್ ಒಪ್ಪಂದ ಜಾರಿಯಾಯಿತು. 65 ಸಾವಿರ ಯೂರೋಗಿಂತ ಹೆಚ್ಚು ಸಂಬಳದವರಿಗೆ ಮತ್ತೆ ಕಡಿತ; ವಾರಕ್ಕೆ 35 ಗಂಟೆ ದುಡಿಯುತ್ತಿದ್ದವರಿಗೆ 37 ಗಂಟೆ, ಅದಕ್ಕೂ ಹೆಚ್ಚು ದುಡಿಯುತ್ತಿದ್ದವರಿಗೆ 39 ಗಂಟೆ. ಕೊರಳಿಗೆ ಕತ್ತಿ ಇಟ್ಟು ಪಡೆದ ಒಪ್ಪಿಗೆಯನ್ನು ಒಪ್ಪಂದ ಎನ್ನಬಹುದೇ ಎಂದು ಆಗಲೇ ಹಲವರು ಕೇಳಿದ್ದರು.

2015ರ ಲ್ಯಾನ್ಸ್‌ಡೌನ್ ರೋಡ್ ಒಪ್ಪಂದದಿಂದ ಸಂಬಳದ ಮರುಸ್ಥಾಪನೆ ಶುರುವಾಯಿತು. ಕೆಳಗಿನವರಿಗೆ ಮೊದಲು, ಮೇಲಿನವರಿಗೆ ಕೊನೆಗೆ ಎಂಬ ಕ್ರಮ. ಹೆಚ್ಚಿಸಿದ ಗಂಟೆಗಳೂ ಅತಿ ಹೆಚ್ಚು ಸಂಬಳದವರ ಕಡಿತವೂ ಪೂರ್ತಿಯಾಗಿ ಹಿಂದಕ್ಕೆ ಹೋದದ್ದು 2022ರ ಜುಲೈನಲ್ಲಿ. ತುರ್ತು ಎಂದು ಹೇರಿದ್ದು ಇಳಿಯಲು ಹದಿಮೂರು ವರ್ಷ ಬೇಕಾಯಿತು. ಪಿಂಚಣಿ ಸುಂಕವಂತೂ ಇಳಿಯಲೇ ಇಲ್ಲ. 2019ರ ಜನವರಿಯಿಂದ ಬೇರೆ ಹೆಸರು ಹೊತ್ತು ಕಾಯಂ ಆಯಿತು.

ಹೊಸ ನೌಕರರ ಸಿಟ್ಟು ಮಾತ್ರ ಆರಲಿಲ್ಲ. 2016ರ ಅಕ್ಟೋಬರ್-ನವೆಂಬರ್‌ನಲ್ಲಿ ಈ ಪ್ರಶ್ನೆಯ ಸುತ್ತ ನಡೆದ ಹೋರಾಟದಲ್ಲಿ ನೂರಾರು ಪ್ರೌಢಶಾಲೆಗಳು ಬಾಗಿಲು ಮುಚ್ಚಿದವು. ಇಬ್ಬರು ಶಿಕ್ಷಕರು ಇದು ವಯೋ ತಾರತಮ್ಯ ಎಂದು ವಾದಿಸಿ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯದವರೆಗೂ ಹೋದರು. ಹೊಸಬರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರಲ್ಲವೇ ಎಂಬುದು ಅವರ ತರ್ಕ. 2019ರ ಫೆಬ್ರವರಿ 14ರಂದು ನ್ಯಾಯಾಲಯ ತೀರ್ಪಿತ್ತಿತು: ವ್ಯತ್ಯಾಸಕ್ಕೆ ಆಧಾರ ನೇಮಕದ ದಿನಾಂಕವೇ ಹೊರತು ವಯಸ್ಸಲ್ಲ, ಆದ್ದರಿಂದ ತಾರತಮ್ಯವಲ್ಲ. ಕಾನೂನಿನ ದೃಷ್ಟಿಯಲ್ಲಿ ಸರಿಯಿರಬಹುದು. ತಡವಾಗಿ ಹುಟ್ಟಿದ್ದೇ ತಪ್ಪು ಎಂದು ಆ ಶಿಕ್ಷಕರಿಗೆ ಅನಿಸಿದ್ದರೆ ಅದರಲ್ಲಿ ಅಚ್ಚರಿಯೂ ಇಲ್ಲ. ಅಷ್ಟರಲ್ಲಿ, 2018ರ ಸೆಪ್ಟೆಂಬರ್‌ನಲ್ಲಿ, ಹೊಸಬರಿಗೆ ವೇತನ ಶ್ರೇಣಿಯ ಎರಡು ಮೆಟ್ಟಿಲುಗಳನ್ನು ದಾಟಿ ಹೋಗುವ ಸೌಲಭ್ಯ ಕೊಟ್ಟು ಸರಕಾರ ತೇಪೆ ಹಚ್ಚಿತ್ತು. ಕಳೆದುಹೋದ ವರ್ಷಗಳ ಬಾಕಿ ಯಾರಿಗೂ ಸಿಗಲಿಲ್ಲ.

ಇಲ್ಲಿಯ ಲೆಕ್ಕ

ನಮ್ಮಲ್ಲಿ ಸರಕಾರಿ ವೇತನವನ್ನು ನಿರ್ಧರಿಸುವುದು ಮೇಜಿನ ಸಂಧಾನವಲ್ಲ, ವೇತನ ಆಯೋಗ. ಸಂಕಷ್ಟ ಬಂದಾಗ ಒಂದು ಆದೇಶ ಸಾಕು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿಯಿತು. ಕರ್ನಾಟಕವೂ ಅದೇ ಹಾದಿ ತುಳಿಯಿತು. 2021ರ ಜುಲೈನಲ್ಲಿ ಭತ್ಯೆ ಮರಳಿತು, ಆ 18 ತಿಂಗಳ ಹಣ ಮರಳಲಿಲ್ಲ. ಐರ್ಲೆಂಡಿನಲ್ಲಾದರೂ ಪ್ರತಿಯಾಗಿ ಏನು ಸಿಗುತ್ತದೆ ಎಂದು ಕೇಳುವ ಅವಕಾಶ ಇತ್ತು.

ಸಂಧಾನದ ಪರಂಪರೆ ಇದ್ದದ್ದು ಸಾರಿಗೆ ನಿಗಮಗಳಲ್ಲಿ. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಅಲ್ಲಿನ ವಾಡಿಕೆ. ಕೊರೊನಾದಿಂದ ಬಸ್ಸುಗಳು ಖಾಲಿಯಾದ ಹೊತ್ತಿನಲ್ಲಿ ಅದೂ ಕುಸಿಯಿತು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಶ್ರೇಣಿ ಕೇಳಿದ ನೌಕರರಿಗೆ ಸರಕಾರ ಶೇ. 8ರ ಹೆಚ್ಚಳದ ಮಾತಾಡಿತು. ಎರಡು ವಾರ ಬಸ್ಸುಗಳು ನಿಂತವು. ಹಲವರು ವಜಾ, ಅಮಾನತು, ವರ್ಗಾವಣೆಗಳನ್ನು ಎದುರಿಸಿದರು. 2023ರ ಮಾರ್ಚ್‌ನಲ್ಲಿ ಶೇ. 15ರ ಹೆಚ್ಚಳವೇನೋ ಬಂತು. ಅದಕ್ಕೆ ಹಿಂದಿನ 38 ತಿಂಗಳ ಬಾಕಿಯ ಬೇಡಿಕೆ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರವಾಗಿ ಸಿಡಿದು, ಹೈಕೋರ್ಟ್ ಮಧ್ಯಪ್ರವೇಶದಿಂದ ನಿಂತಿತು.

ದಿನಾಂಕದ ಗೆರೆಯೂ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ ಆ ಗೆರೆ 2006ರ ಏಪ್ರಿಲ್ 1. ಅಂದು ಮತ್ತು ನಂತರ ಸೇವೆಗೆ ಸೇರಿದವರಿಗೆ ಹಳೆಯ ಖಚಿತ ಪಿಂಚಣಿ ಇಲ್ಲ. ಆ ಗೆರೆ ಎಳೆದಾಗ, ಡಬ್ಲಿನ್‌ನಲ್ಲಿ ಆದಂತೆಯೇ, ಅದರಾಚೆ ನಿಲ್ಲಬೇಕಾದವರು ಇನ್ನೂ ನೌಕರರಾಗಿರಲಿಲ್ಲ. ಒಳಗಿದ್ದವರಿಗೆ ಬೀದಿಗಿಳಿಯುವ ತುರ್ತು ಇರಲಿಲ್ಲ. ಹದಿನೇಳು ವರ್ಷಗಳ ನಂತರ, 2023ರ ಮಾರ್ಚ್ 1ರ ಮುಷ್ಕರದ ಹೊತ್ತಿಗೆ, ಗೆರೆಯಾಚೆಯವರ ಸಂಖ್ಯೆಯೇ ಬೆಳೆದು ನಿಂತಿತ್ತು. ಅಂದಿನ ಸರಕಾರ ಶೇ. 17ರ ಮಧ್ಯಂತರ ಪರಿಹಾರವನ್ನು ಅದೇ ದಿನ ಘೋಷಿಸಿತು. ಪಿಂಚಣಿಯ ಪ್ರಶ್ನೆಯನ್ನು ಸಮಿತಿಗೆ ಒಪ್ಪಿಸಿತು. 2024ರ ಜನವರಿಯಲ್ಲಿ ಈಗಿನ ಸರಕಾರ ಸುಮಾರು 13 ಸಾವಿರ ನೌಕರರನ್ನು ಹಳೆಯ ಪಿಂಚಣಿಯ ವ್ಯಾಪ್ತಿಗೆ ತಂದಿತು. 2006ರ ಏಪ್ರಿಲ್‌ಗೆ ಮೊದಲು ಹೊರಟ ಅಧಿಸೂಚನೆಯಡಿ ಆಯ್ಕೆಯಾಗಿ, ಆ ದಿನಾಂಕದ ನಂತರ ಸೇವೆಗೆ ಸೇರಿದವರು ಅವರು. ನಂತರದ ಅಧಿಸೂಚನೆಗಳ ಮೂಲಕ ಬಂದವರಿಗೆ ಆ ಆದೇಶ ಅನ್ವಯಿಸಲಿಲ್ಲ.